ತಿಂಗಳಿಗೆ ಐದು ಸಾವಿರ ಉಳಿದರೆ ಎಲ್ಲಿ ಹಾಕೋಣ? ಚೀಟಿ, ಪಿಗ್ಮಿ, ಆರ್‌ಡಿ, ಚಿನ್ನ, ಎಸ್‌ಐಪಿ

ದಾವಣಗೆರೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. ಅವಳ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಇವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. "ಅಕ್ಕಾ, ಬಾಡಿಗೆ, ರೇಷನ್, ಸ್ಕೂಲ್ ವ್ಯಾನ್ ಎಲ್ಲ ಕಳೆದು ಈಗ ಐದು ಸಾವಿರ ಉಳೀತಿದೆ. ಪಕ್ಕದ ಬೀದೀಲಿ ಒಬ್ಬರು ಚೀಟಿ ಶುರು ಮಾಡ್ತಿದ್ದಾರೆ. ಹಾಕ್ಲಾ?" ಅಂದಳು.

ಅವಳ ಮಾತು ಮುಗಿಯುವ ಮೊದಲೇ ನನ್ನ ಬಾಯಿಂದ "ಬೇಡ" ಬಂದುಬಿಟ್ಟಿತ್ತು. ಅದಕ್ಕೆ ಕಾರಣ ಇದೆ. 2009ರಲ್ಲಿ ನಮ್ಮಮ್ಮ ನಮ್ಮ ಬೀದಿಯಲ್ಲೇ ಐವತ್ತು ಸಾವಿರದ ಚೀಟಿ ಹಾಕಿದ್ದಳು. ನನ್ನ ಕಾಲೇಜ್ ಫೀಸಿಗೆ ಅಂತ. ಕೊನೆಯಲ್ಲಿ ಎತ್ತಿದರೆ ದುಡ್ಡು ಜಾಸ್ತಿ ಬರುತ್ತದೆ ಎಂದು ಕಾದಳು. ಹತ್ತೊಂಬತ್ತನೇ ತಿಂಗಳು ಚೀಟಿ ನಡೆಸುತ್ತಿದ್ದವರ ಮನೆಗೆ ಬೀಗ ಬಿದ್ದಿತ್ತು. ಮೂವತ್ತು ಸಾವಿರದ ಮೇಲೆ ಕಟ್ಟಾಗಿತ್ತು. ಕೈಯಲ್ಲಿ ಉಳಿದದ್ದು ಸಹಿ ಹಾಕಿಸಿಕೊಂಡಿದ್ದ ಒಂದು ನೋಟ್‌ಬುಕ್ ಮಾತ್ರ. ಅಮ್ಮ ಅದನ್ನು ಇವತ್ತಿಗೂ ಬೀರುವಿನಲ್ಲಿ ಇಟ್ಟಿದ್ದಾಳೆ.

ಆದರೆ ಬರೀ "ಬೇಡ" ಅನ್ನುವುದು ಉತ್ತರ ಅಲ್ಲ. "ಮತ್ತೆಲ್ಲಿ ಹಾಕ್ಲಿ?" ಎಂದು ಅವಳು ಕೇಳಿದಾಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಆಮೇಲೆ ಕೂತು ಒಂದೊಂದನ್ನೂ ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಐದು ಸಾವಿರ, ಹೀಗೇ ಒಂದು ಮನೆ ಎಂದುಕೊಂಡು ಓದಿ.

ಎರಡು ಪ್ರಶ್ನೆ ಮೊದಲು ಕೇಳಿಕೊಳ್ಳಿ. ಈ ದುಡ್ಡು ಯಾವಾಗ ಬೇಕು? ಹೆಚ್ಚುಕಡಿಮೆ ಆದರೆ ಯಾರನ್ನು ಹೋಗಿ ಕೇಳಬೇಕು? ಬಡ್ಡಿ ಎಷ್ಟು ಎನ್ನುವುದು ಮೂರನೆಯ ಪ್ರಶ್ನೆ. ನಾವು ಮೂರನೆಯದನ್ನೇ ಮೊದಲು ಕೇಳುತ್ತೇವೆ, ಅಲ್ವಾ? ಅಮ್ಮನೂ ಅದನ್ನೇ ಮಾಡಿದ್ದು.

ಎಲ್ಲಕ್ಕೂ ಮುಂಚೆ

ಕೈಸಾಲ ಇದ್ದರೆ ಉಳಿತಾಯದ ಮಾತು ಆಮೇಲೆ. ಮೂರು ರೂಪಾಯಿ ಬಡ್ಡಿಗೆ ತಂದ ಸಾಲ ಎಂದರೆ ವರ್ಷಕ್ಕೆ ಶೇ 36. ಅಷ್ಟು ಬಡ್ಡಿ ಕೊಡುವ ನಂಬಿಕಸ್ತ ಉಳಿತಾಯ ಎಲ್ಲೂ ಇಲ್ಲ. ಅಂಥ ಸಾಲ ತೀರಿಸುವುದೇ ನಿಮ್ಮ ಮೊದಲ ಉಳಿತಾಯ.

ಅದಾದ ಮೇಲೆ ಎರಡು ಮೂರು ತಿಂಗಳ ಮನೆ ಖರ್ಚನ್ನು ಸೇವಿಂಗ್ಸ್ ಖಾತೆಯಲ್ಲಿ ಸುಮ್ನೆ ಬಿಡಿ. ಬಡ್ಡಿ ಕಮ್ಮಿ, ಗೊತ್ತು. ಆದರೆ ಆಟೋ ಹತ್ತು ದಿನ ಗ್ಯಾರೇಜಿನಲ್ಲಿ ನಿಂತರೆ ಆ ಮನೆಗೆ ಹತ್ತು ದಿನ ಆದಾಯ ಇಲ್ಲ. ಆಗ ಎಟಿಎಂನಿಂದ ತೆಗೆಯಲು ಆಗುವ ದುಡ್ಡು ಬೇಕು. ಇದಿಲ್ಲದೆ ಕೆಳಗಿನ ಯಾವುದಕ್ಕೆ ಕೈ ಹಾಕಿದರೂ ಅರ್ಧದಲ್ಲಿ ಮುರಿಯಬೇಕಾಗುತ್ತದೆ. ಮುರಿದಾಗಲೇ ನಷ್ಟ ಆಗುವುದು.

ಚೀಟಿ: ಇದು ಉಳಿತಾಯವೋ, ಸಾಲವೋ?

ಚೀಟಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಮ್ಮ ಕಡೆ ಹೆಂಗಸರ ದುಡ್ಡು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಲೆಕ್ಕ ಅರ್ಥವಾಗದೆ ಕಟ್ಟುವವರೂ ಬಹಳ.

ಒಂದು ಲಕ್ಷದ ಹರಾಜು ಚೀಟಿ ತೆಗೆದುಕೊಳ್ಳಿ. 20 ಜನ, 20 ತಿಂಗಳು, ತಲೆಗೆ 5,000. ಪ್ರತಿ ತಿಂಗಳು ಕೂಗುತ್ತಾರೆ. ಯಾರು ಜಾಸ್ತಿ ಬಿಟ್ಟುಕೊಡುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಶುರುವಿನಲ್ಲಿ ಒಬ್ಬರು 25,000 ಬಿಟ್ಟು ಎತ್ತಿದರು ಎಂದುಕೊಳ್ಳಿ. ಅವರ ಕೈಗೆ 75,000 ಬರುತ್ತದೆ. ಬಿಟ್ಟ 25,000ದಲ್ಲಿ ನಡೆಸುವವರ ಕಮಿಷನ್ 5,000. ಮಿಕ್ಕ 20,000 ಇಪ್ಪತ್ತು ಜನಕ್ಕೆ ಹಂಚಿಕೆ, ತಲೆಗೆ 1,000. ಹಾಗಾಗಿ ಆ ಸಲ ಎಲ್ಲರೂ ಕಟ್ಟುವುದು 4,000. ತಿಂಗಳು ಹೋದಂತೆ ಬಿಡುವ ಮೊತ್ತ ಇಳಿಯುತ್ತದೆ. ಕೊನೆಯವರಿಗೆ ಕಮಿಷನ್ ಕಳೆದು 95,000 ಸಿಗುತ್ತದೆ.

ಬಿಡುವ ಮೊತ್ತ 25,000ದಿಂದ 5,000ಕ್ಕೆ ಒಂದೇ ಸಮ ಇಳಿಯಿತು ಎಂದರೆ ಒಬ್ಬೊಬ್ಬರೂ ಒಟ್ಟು ಕಟ್ಟುವುದು ಸುಮಾರು 90,000. ಕೊನೆಯವರಿಗೆ 95,000. ಐದು ಸಾವಿರ ಲಾಭ. ದುಡ್ಡು ಸಿಕ್ಕಿಹಾಕಿಕೊಂಡ ಅವಧಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 7. ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಅಂಚೆ ಕಚೇರಿ ಆರ್‌ಡಿಯ ಆಸುಪಾಸು! ಇಷ್ಟಕ್ಕಾಗಿ ಅಮ್ಮ ಹದಿನೆಂಟು ತಿಂಗಳು ಕಾದಳಲ್ಲ ಎಂದು ಈ ಲೆಕ್ಕ ಹಾಕಿದ ದಿನ ನನಗೆ ತುಂಬಾ ಸಂಕಟ ಆಯಿತು.

ಈಗ ಮೂರನೇ ತಿಂಗಳಲ್ಲಿ ಸುಮಾರು 77,000ಕ್ಕೆ ಎತ್ತಿದವರನ್ನು ನೋಡಿ. ಅವರೂ ಒಟ್ಟು 90,000 ಕಟ್ಟಲೇಬೇಕು. ಅವರಿಗೆ ಚೀಟಿ ಎನ್ನುವುದು ಸಾಲ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗಿಂತ ಜಾಸ್ತಿಯೇ ಬೀಳುತ್ತದೆ. ಕೈಸಾಲಕ್ಕಿಂತ ಕಮ್ಮಿ ಇರಬಹುದು. ಆದರೆ ಮನೆಯಲ್ಲಿ ಒಂದು ಸರ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ಒಂದು ರೂಪಾಯಿ ಬಡ್ಡಿಯೊಳಗೆ ಸಿಗುತ್ತದೆ.

ಹಾಗಾದರೆ ಚೀಟಿ ಯಾರಿಗೆ? ಮಧ್ಯದಲ್ಲಿ ಯಾವಾಗಲೋ ಒಂದು ದೊಡ್ಡ ಮೊತ್ತ ಬೇಕು, ಯಾವ ತಿಂಗಳು ಎಂದು ಗೊತ್ತಿಲ್ಲ, ಬ್ಯಾಂಕ್ ಸಾಲ ಸುಲಭಕ್ಕೆ ಹುಟ್ಟುವುದಿಲ್ಲ. ಅಂಥವರಿಗೆ. ಸಣ್ಣ ಅಂಗಡಿ ಇಟ್ಟವರು, ಹಬ್ಬಕ್ಕೆ ಮುಂಚೆ ಮಾಲು ತುಂಬಿಸಬೇಕಾದವರು. ನಮ್ಮ ಮಾವ ಅಂಗಡಿಗೆ ಮೊದಲ ಫ್ರಿಜ್ ತಂದದ್ದು ಚೀಟಿ ದುಡ್ಡಿನಲ್ಲೇ. ಕೊನೆಯವರೆಗೂ ಕಾಯುವ ಉದ್ದೇಶ ಇದ್ದರೆ ಮಾತ್ರ ಚೀಟಿಯಲ್ಲಿ ಅಪಾಯ ನಿಮ್ಮದು, ಅನುಕೂಲ ಬೇರೆಯವರದು.

ಎಲ್ಲಿ ಹಾಕಬೇಕು ಎನ್ನುವುದು ಇನ್ನೂ ದೊಡ್ಡ ವಿಷಯ. ಚೀಟಿ ನಿಧಿ ಕಾಯ್ದೆ 1982ರಿಂದ ಇದೆ. ಅದರ ಪ್ರಕಾರ ಚೀಟಿ ಶುರು ಮಾಡುವ ಮುಂಚೆ ಚೀಟಿಗಳ ನಿಬಂಧಕರ ಅನುಮತಿ ಪಡೆಯಬೇಕು, ನೋಂದಾಯಿಸಬೇಕು, ಚೀಟಿಯ ಮೊತ್ತದಷ್ಟು ಭದ್ರತೆ ಇಡಬೇಕು. ಕಮಿಷನ್ನಿಗೂ ಮಿತಿ ಇದೆ. ಮೊದಲು ಶೇ 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇ 7 ಆಯಿತು. ಮೇಲಿನ ನನ್ನ ಲೆಕ್ಕ ಶೇ 5ರದ್ದು. ಶೇ 7 ಹಿಡಿದರೆ ಕೊನೆಯವರ ಲಾಭ ಇನ್ನೂ ಕರಗುತ್ತದೆ. ಜಗಳ ಬಂದರೆ ನಿಬಂಧಕರ ಬಳಿಯೇ ಹೋಗಿ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಬೀದಿಯ ಚೀಟಿಗೆ ಇದ್ಯಾವುದೂ ಇಲ್ಲ. ನಡೆಸುವವರು ಒಳ್ಳೆಯವರೇ ಇರಬಹುದು. ಆದರೆ ಎತ್ತಿಕೊಂಡವರಲ್ಲಿ ನಾಲ್ಕು ಜನ ಕಟ್ಟುವುದು ನಿಲ್ಲಿಸಿದರೆ ಆ ಒಳ್ಳೆಯವರೂ ಊರು ಬಿಡುವ ಸ್ಥಿತಿಗೆ ಬರುತ್ತಾರೆ. ನಮ್ಮಮ್ಮನ ಚೀಟಿಯಲ್ಲಿ ಆದದ್ದೂ ಅದೇ ಎಂದು ಆಮೇಲೆ ಕೇಳಿದೆವು.

ನೋಂದಾಯಿತ ಚೀಟಿಯಲ್ಲೂ ಒಂದು ಮಾತು ಮೊದಲೇ ಗೊತ್ತಿರಲಿ. ಕೂಗಿ ಗೆದ್ದ ಕೂಡಲೇ ದುಡ್ಡು ಕೈಗೆ ಬರುವುದಿಲ್ಲ. ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು. ಸಂಬಳ ಇರುವವರ ಜಾಮೀನನ್ನೇ ಹೆಚ್ಚಾಗಿ ಕೇಳುತ್ತಾರೆ. ಆಸ್ಪತ್ರೆ ಖರ್ಚಿಗೆ ಚೀಟಿ ಇದೆಯಲ್ಲ ಎಂದು ನಂಬಿ ಕೂರಬೇಡಿ. ಸೇರುವ ಮುಂಚೆಯೇ "ಯಾರ ಜಾಮೀನು ಬೇಕು, ಎಷ್ಟು ಜನ?" ಎಂದು ಕೇಳಿ. ಅನುಮತಿ ಪತ್ರದ ಸಂಖ್ಯೆ ಕೇಳಿ. ಒಪ್ಪಂದದ ಪ್ರತಿ, ಪಾಸ್‌ಬುಕ್, ಪ್ರತಿ ಕಂತಿಗೂ ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನು ಲಕ್ಕಿ ಚೀಟಿ. ಹೆಸರು ಬಂದವರಿಗೆ ಬೈಕ್, ಅವರು ಮುಂದೆ ಕಟ್ಟುವ ಹಾಗಿಲ್ಲ ಎನ್ನುತ್ತಾರಲ್ಲ, ಅಂಥದ್ದನ್ನು 1978ರ ಕಾಯ್ದೆಯಲ್ಲೇ ನಿಷೇಧಿಸಲಾಗಿದೆ. ಅತ್ತ ನೋಡಲೇಬೇಡಿ.

ಪಿಗ್ಮಿ: ದಿನದ ಸಂಪಾದನೆಯವರಿಗೆ

ಇದು ನಮ್ಮ ನೆಲದ್ದೇ. ಟಿ.ಎಂ.ಎ. ಪೈ ಮತ್ತಿತರರು ಕಟ್ಟಿದ ಬ್ಯಾಂಕು 1928ರಲ್ಲಿ ಉಡುಪಿ ಕಡೆ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಶುರು ಮಾಡಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅದು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಪಿಗ್ಮಿ ಎಂಬ ಮಾತು ಮಾತ್ರ ಇವತ್ತಿಗೂ ನಮ್ಮ ಪೇಟೆಗಳಲ್ಲಿ ಉಳಿದಿದೆ.

ತಿಂಗಳ ಸಂಬಳ ಇಲ್ಲದವರ ಕಷ್ಟ ಪಿಗ್ಮಿಗೆ ಗೊತ್ತು. ತಿಂಗಳ ಕೊನೆಗೆ ಐದು ಸಾವಿರ ಒಟ್ಟಿಗೆ ತೆಗೆದಿಡುವುದು ಕಷ್ಟ. ದಿನಕ್ಕೆ 200ರಂತೆ 25 ದಿನ ಕೊಡುವುದು ಆಗುತ್ತದೆ. ಮನೆಗೇ ಬಂದು ಕೇಳುವವರು ಇದ್ದರೆ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಶಿಸ್ತಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಬಡ್ಡಿ ಮಾತ್ರ ಕಮ್ಮಿ. ಸಂಗ್ರಹಿಸಲು ಬರುವವರ ಕಮಿಷನ್ ಎಲ್ಲಿಂದಲಾದರೂ ಬರಬೇಕಲ್ಲ. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಕೊಡದಿರುವುದು, ಸ್ವಲ್ಪ ಹಿಡಿದುಕೊಳ್ಳುವುದು ಸಾಮಾನ್ಯ. ಆ ನಿಯಮವನ್ನು ಖಾತೆ ತೆರೆಯುವಾಗಲೇ ಓದಿಸಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಪಿಗ್ಮಿ ಈಗ ಹೆಚ್ಚಾಗಿ ಕಾಣುವುದು ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ. ಇವು ಬ್ಯಾಂಕ್ ಅಲ್ಲ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕ್ ಆದರೂ ಸರಿ, ರಿಸರ್ವ್ ಬ್ಯಾಂಕಿನ ಸಂಸ್ಥೆಯಾದ ಡಿಐಸಿಜಿಸಿಯ ವಿಮೆ ಇರುತ್ತದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. 2020ಕ್ಕೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಸಂಘ, ಸೌಹಾರ್ದಗಳಿಗೆ ಈ ವಿಮೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಅದು ಬೇರೆ. ಆದರೆ ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಎಂದಾಗ ಆ ಎರಡು ಪರ್ಸೆಂಟ್ ಯಾವ ಅಪಾಯಕ್ಕೆ ಎಂದು ಯೋಚಿಸಿ. ವಿಮೆ ಇರುವ ಬ್ಯಾಂಕುಗಳ ಪಟ್ಟಿ ಡಿಐಸಿಜಿಸಿ ವೆಬ್‌ಸೈಟಿನಲ್ಲಿದೆ. ಮಕ್ಕಳ ಕೈಯಲ್ಲಿ ಫೋನ್ ಕೊಟ್ಟು ಹುಡುಕಿಸಿ.

ಪಿಗ್ಮಿ ಕೊಟ್ಟ ದಿನವೇ ಮೆಷಿನ್ ರಸೀದಿ ಅಥವಾ ಮೆಸೇಜ್ ಬರಬೇಕು. "ನಾಳೆ ಬರ್ಕೊಡ್ತೀನಿ" ಎಂದರೆ ದುಡ್ಡನ್ನೂ ನಾಳೆಯೇ ಕೊಡಿ.

ಆರ್‌ಡಿ: ದಿನಾಂಕ ಗೊತ್ತಿರುವ ಖರ್ಚಿಗೆ

ಜೂನ್ ತಿಂಗಳ ಶಾಲೆ ಫೀಸು, ಎರಡು ವರ್ಷದ ಮೇಲೆ ಮನೆ ಬಾಡಿಗೆಯ ಅಡ್ವಾನ್ಸ್, ತಂಗಿಯ ಮದುವೆಗೆ ನಮ್ಮ ಪಾಲು. ಇಂಥದ್ದಕ್ಕೆ ಆರ್‌ಡಿ.

ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು. ಬಡ್ಡಿ 2023ರ ಅಕ್ಟೋಬರ್‌ನಲ್ಲಿ ಶೇ 6.7 ಆಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಆದರೆ ನೀವು ಶುರು ಮಾಡಿದ ದಿನದ ದರವೇ ಐದು ವರ್ಷವೂ ನಿಮಗೆ. ಈ ದರದಲ್ಲಿ ತಿಂಗಳಿಗೆ 5,000ದಂತೆ ಕಟ್ಟುವುದು 3 ಲಕ್ಷ, ಬರುವುದು ಸುಮಾರು 3,56,800. ಕೇಂದ್ರ ಸರ್ಕಾರವೇ ಹೊಣೆ. ಎರಡನೇ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇನ್ನೊಂದಿಲ್ಲ.

ತೊಡಕು ಮಧ್ಯದಲ್ಲಿ ತೆಗೆಯುವುದರಲ್ಲಿದೆ. ಮೂರು ವರ್ಷ ಆಗುವವರೆಗೆ ಮುಚ್ಚಲು ಬಿಡುವುದಿಲ್ಲ. ಆಮೇಲೆ ಮುಚ್ಚಿದರೂ ಸೇವಿಂಗ್ಸ್ ಖಾತೆಯ ಶೇ 4ರ ಬಡ್ಡಿಯೇ. ನಾಲ್ಕೂವರೆ ವರ್ಷ ಕಟ್ಟಿ ಮುರಿದರೂ ಅಷ್ಟೇ! ಹಾಗಾಗಿ ದುಡ್ಡು ಬೇಕಾದರೆ ಮುರಿಯಬೇಡಿ. 12 ಕಂತು ಕಟ್ಟಿ ಒಂದು ವರ್ಷ ಆಗಿದ್ದರೆ ಕಟ್ಟಿದ್ದರಲ್ಲಿ ಅರ್ಧದಷ್ಟು ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿ ದರಕ್ಕಿಂತ ಶೇ 2 ಮಾತ್ರ ಜಾಸ್ತಿ. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳುವವರು ಕಮ್ಮಿ. ನೀವೇ ಕೇಳಬೇಕು. ಒಂದು ತಿಂಗಳು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಐದು ಸಾವಿರಕ್ಕೆ 50 ರೂಪಾಯಿ ಆಗುತ್ತದೆ.

ಒಂದು ವರ್ಷದಲ್ಲೇ ದುಡ್ಡು ಬೇಕೆಂದರೆ ಬ್ಯಾಂಕ್ ಆರ್‌ಡಿ ಸರಿ. 6 ತಿಂಗಳು, 12 ತಿಂಗಳು ಹೀಗೆ ನಿಮಗೆ ಬೇಕಾದ ಅವಧಿ ಆರಿಸಿಕೊಳ್ಳಬಹುದು. ಶೇ 6.5 ಇದ್ದರೆ ವರ್ಷಕ್ಕೆ ಕಟ್ಟಿದ 60,000ದ ಮೇಲೆ ಬಡ್ಡಿ 2,100ರ ಆಸುಪಾಸು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿದ ಮೇಲೆ ಬ್ಯಾಂಕುಗಳ ದರವೂ ಇಳಿದಿದೆ, ಹೋಗುವ ದಿನ ವಿಚಾರಿಸಿ. ನಿಜ ಹೇಳಬೇಕೆಂದರೆ ವರ್ಷದ ಆರ್‌ಡಿಯಲ್ಲಿ ಅರ್ಧ ಪರ್ಸೆಂಟ್ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ 160 ರೂಪಾಯಿ ಅಷ್ಟೇ. ಮನೆಗೆ ಹತ್ತಿರದ ಬ್ಯಾಂಕ್ ನೋಡಿಕೊಳ್ಳಿ.

ಹೆಣ್ಣು ಮಗುವಿಗೆ ಹತ್ತು ವರ್ಷ ತುಂಬಿಲ್ಲವಾದರೆ ಇನ್ನೊಂದು ದಾರಿ ಇದೆ, ಸುಕನ್ಯಾ ಸಮೃದ್ಧಿ. ಬಡ್ಡಿ 2024ರಿಂದ ಶೇ 8.2. ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ನಡೆಯುತ್ತದೆ. ಆದರೆ ಇದು ಖಾತೆ ತೆರೆದು 21 ವರ್ಷದ ಮಾತು. ಮಗಳ ಓದಿಗೆ, ಮದುವೆಗೆ ಎಂದು ಎತ್ತಿಡುವ ದುಡ್ಡು ಮಾತ್ರ ಇಲ್ಲಿಗೆ.

ಚಿನ್ನ: ತೊಡಲೋ, ಉಳಿಸಲೋ?

ಚಿನ್ನ ಬೇಡ ಎಂದು ನಾನು ಯಾವ ಹೆಂಗಸಿಗೂ ಹೇಳುವುದಿಲ್ಲ. ಕಷ್ಟದ ದಿನ ಗಂಡನ ಸಹಿ, ಮ್ಯಾನೇಜರ್ ದಯೆ ಯಾವುದೂ ಬೇಡದೆ ಅವಳ ಕೈಗೆ ಸಿಗುವ ಆಸ್ತಿ ಅದೊಂದೇ ಆಗಿರುವ ಮನೆಗಳು ಎಷ್ಟೋ ಇವೆ. 2025ರಲ್ಲಿ ಬೆಲೆ ಗ್ರಾಮಿಗೆ ಹತ್ತು ಸಾವಿರ ದಾಟಿದ್ದನ್ನು ನೋಡಿದವರಿಗೆ ಬೇರೆ ಮಾತೇ ರುಚಿಸುವುದಿಲ್ಲ. ಆದರೆ 2012ರ ಕೊನೆಗೆ ಹತ್ತು ಗ್ರಾಮಿಗೆ 31 ಸಾವಿರದ ಹತ್ತಿರ ಇದ್ದ ಬೆಲೆ 2018ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಆರು ವರ್ಷ! ಅದನ್ನೂ ನೆನಪಿಡಬೇಕು.

ಒಡವೆಯ ಲೆಕ್ಕ ಹೀಗೆ. ಒಂದು ಸರಕ್ಕೆ ನೀವು 1 ಲಕ್ಷ ಕೊಟ್ಟಿರಿ. ಮೇಕಿಂಗ್, ವೇಸ್ಟೇಜ್ ಸೇರಿ ಶೇ 12, ಅದರ ಮೇಲೆ ಜಿಎಸ್‌ಟಿ ಶೇ 3 ಎಂದರೆ ಅದರೊಳಗಿರುವ ಚಿನ್ನ ಸುಮಾರು 86,700 ರೂಪಾಯಿಯದು. ಚಿನ್ನದ ಬೆಲೆ ಶೇ 15 ಏರಿದ ಮೇಲೆಯೇ ನಿಮ್ಮ ಅಸಲು ಕೈಗೆ ಬರುತ್ತದೆ. ತೊಡುವ ಆಸೆಗೆ ಇದು ಸರಿ. ಬರೀ ಉಳಿತಾಯಕ್ಕೆ ದುಬಾರಿ.

ಅಂಗಡಿಯವರ ಹನ್ನೊಂದು ತಿಂಗಳ ಸ್ಕೀಮ್ ಇದೆಯಲ್ಲ, ಹನ್ನೊಂದು ಕಂತು ನೀವು ಕಟ್ಟಿದರೆ ಹನ್ನೆರಡನೆಯದು ಅವರದು ಎನ್ನುವುದು. ಹನ್ನೊಂದೇ ಯಾಕೆ ಗೊತ್ತಾ? ಕಂಪನಿ ಠೇವಣಿ ನಿಯಮದಲ್ಲಿ ಮುಂಗಡ ಹಣ 365 ದಿನದೊಳಗೆ ವಸ್ತುವಾಗಿ ಹೋಗಬೇಕು, ಇಲ್ಲದಿದ್ದರೆ ಅದು ಠೇವಣಿ ಎಂದಾಗುತ್ತದೆ. ಹೇಗೂ ಮದುವೆಗೆ ಒಡವೆ ಕೊಳ್ಳುವುದೇ ಆಗಿದ್ದರೆ ಈ ಸ್ಕೀಮ್ ಒಳ್ಳೆಯದೇ. ಆದರೆ ನಗದು ವಾಪಸ್ ಸಿಗುವುದಿಲ್ಲ, ಒಡವೆಯನ್ನೇ ಕೊಳ್ಳಬೇಕು. ಅಂಗಡಿ ಮುಚ್ಚಿದರೆ ವಿಮೆಯೂ ಇಲ್ಲ. ಕೆಲವರು ಕೊಟ್ಟ ಬೋನಸ್ಸನ್ನು ವೇಸ್ಟೇಜಿನಲ್ಲಿ ವಾಪಸ್ ಹಿಡಿಯುತ್ತಾರೆ. ಸೇರುವ ದಿನವೇ ವೇಸ್ಟೇಜ್ ಎಷ್ಟು ಎಂದು ಬರೆಸಿಕೊಳ್ಳಿ. ಯಾವ ಒಡವೆ ಕೊಂಡರೂ ಅದರ ಮೇಲೆ ಆರು ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ನೋಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆ ಮಾರುವಾಗ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಎಸ್‌ಐಪಿ

ಎಸ್‌ಐಪಿ ಎಂದರೆ ತಿಂಗಳಿಗೆ ಇಷ್ಟು ಎಂದು ಮ್ಯೂಚುವಲ್ ಫಂಡಿಗೆ ಹಾಕುವುದು. ಇಲ್ಲಿ ನಾನು ಹೇಳುತ್ತಿರುವುದು ಆ ದುಡ್ಡನ್ನು ಷೇರುಪೇಟೆಯಲ್ಲಿ ಹಾಕುವ ಫಂಡುಗಳ ಮಾತು. ಇದಕ್ಕೆ ಒಂದೇ ಷರತ್ತು. ಏಳು, ಹತ್ತು ವರ್ಷ ಮುಟ್ಟದ ದುಡ್ಡು ಮಾತ್ರ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್‌ನಲ್ಲಿ 26 ಸಾವಿರಕ್ಕೆ ಬಿತ್ತು. ನವೆಂಬರ್‌ನಲ್ಲಿ ಮತ್ತೆ 42 ಸಾವಿರ ದಾಟಿತು. ಮಾರ್ಚ್‌ನಲ್ಲಿ ಫೀಸ್ ಕಟ್ಟಬೇಕಿದ್ದವರು ನಷ್ಟದಲ್ಲೇ ತೆಗೆದರು. ಕಾಯಲು ಆದವರಿಗೆ ಏನೂ ಆಗಲಿಲ್ಲ. ಮೊದಲ ಸಲ ಹಾಕುವವರು 500 ರೂಪಾಯಿಯಿಂದ, 50 ದೊಡ್ಡ ಕಂಪನಿಗಳ ಷೇರು ಇರುವ ನಿಫ್ಟಿ 50 ಇಂಡೆಕ್ಸ್ ಫಂಡಿನಂಥ ಸರಳವಾದದ್ದರಿಂದ ಶುರು ಮಾಡಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಗ್ಯಾರಂಟಿ ಲಾಭ" ಎಂದು ಬಂದರೆ ಆ ಗುಂಪಿನಿಂದ ಹೊರಗೆ ಬನ್ನಿ.

ಅವಳು ಏನು ಮಾಡಿದಳು

ನಾನು ಇಷ್ಟನ್ನೂ ಹೇಳಿದ ಮೇಲೆ ತಂಗಿ ಬೀದಿ ಚೀಟಿ ಬಿಟ್ಟಳು. ಸೇವಿಂಗ್ಸ್ ಖಾತೆಯಲ್ಲಿ ಮೂವತ್ತು ಸಾವಿರ ಆಗುವವರೆಗೆ ಬೇರೆ ಏನೂ ಇಲ್ಲ ಎಂದು ಮಾತಾಗಿದೆ. ಅದಕ್ಕೆ ಯಜಮಾನರು ದಿನಾ ರಾತ್ರಿ ಆಟೋ ನಿಲ್ಲಿಸಿದ ಮೇಲೆ 200 ರೂಪಾಯಿ ಫೋನಿನಲ್ಲೇ ಅವಳ ಖಾತೆಗೆ ಹಾಕುತ್ತಾರೆ. ಮನೆಯೊಳಗಿನ ಪಿಗ್ಮಿ! ಆರು ತಿಂಗಳ ಮೇಲೆ ಮೂರು ಸಾವಿರ ಬ್ಯಾಂಕ್ ಆರ್‌ಡಿಗೆ, ಫೀಸಿಗೆ ಎಂದು. ಒಂದೂವರೆ ಸಾವಿರ ಮಗಳ ಸುಕನ್ಯಾ ಖಾತೆಗೆ. ಉಳಿದ ಐನೂರಕ್ಕೆ ಎಸ್‌ಐಪಿ ನೋಡೋಣ ಎಂದಿದ್ದಾಳೆ, ನಾನು ಅವಸರ ಮಾಡಿಲ್ಲ. ಚಿನ್ನ ಸದ್ಯಕ್ಕಿಲ್ಲ. ಇರುವ ಎರಡು ಬಳೆ ಸಾಲಕ್ಕೆ ಆಗುತ್ತವೆ.

ಆಟೋ ಓಡಿಸುವ ಮನೆ ಎಂದು ಒಂದನ್ನು ಮಾತ್ರ ಕಾಯದೆ ಮಾಡಿಸಿದೆ. ಬ್ಯಾಂಕಿನಲ್ಲೇ ವರ್ಷಕ್ಕೆ 20 ರೂಪಾಯಿಗೆ ಸುರಕ್ಷಾ ಬೀಮಾ, 436 ರೂಪಾಯಿಗೆ ಜೀವನ್ ಜ್ಯೋತಿ ಬೀಮಾ ಇವೆ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವ ಕಾರಣದ ಸಾವಿಗಾದರೂ, ಎರಡರಲ್ಲೂ 2 ಲಕ್ಷ. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ಹಣ ಕಡಿತ ಆಗುತ್ತದೆ, ಆಗ ಖಾತೆಯಲ್ಲಿ ಅಷ್ಟು ಇರಬೇಕು. ಫಾರಂ ತುಂಬುವಾಗ ನಾಮಿನಿ ಜಾಗ ಖಾಲಿ ಬಿಟ್ಟಿದ್ದರು. ವಾಪಸ್ ಕಳಿಸಿ ಬರೆಸಿದೆ. ಅವರ ಹಳೆಯ ಸೇವಿಂಗ್ಸ್ ಖಾತೆಯಲ್ಲಿ ನಾಮಿನಿ ಯಾರು ಎಂದು ನೋಡಿದರೆ ಎಂಟು ವರ್ಷದ ಹಿಂದೆ ತೀರಿಕೊಂಡ ಅವರ ತಾಯಿಯ ಹೆಸರಿತ್ತು. ನಿಮ್ಮದನ್ನೂ ಈ ವಾರ ಒಮ್ಮೆ ತೆಗೆದು ನೋಡಿ.